ಗಾಳಿ ಮೇಷ್ಟ್ರು ಮುಚ್ಚದ ಸೋರಿಕೆ

ಕಾರಿನ ಎ.ಸಿ. ರಿಪೇರಿ ಮಾಡುವ ಅವನಿಗೆ ಗಾಳಿ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಅವನ ಬಾಯಿಂದಲೇ. ಯಾರಾದರೂ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, "ತಂಪು ಬರ್ತಿಲ್ಲ, ಸ್ವಲ್ಪ ಗ್ಯಾಸ್ ತುಂಬಿಸಿಬಿಡಿ" ಅಂದರೋ, ಮುಗಿಯಿತು, ಪಾಠ ಶುರು.

"ಗ್ಯಾಸ್ ಏನು ಪೆಟ್ರೋಲಾ, ಓಡಿದಷ್ಟೂ ಖರ್ಚಾಗೋಕೆ? ಒಳಗೊಳಗೇ ಸುತ್ತುತ್ತಾ ಇರುತ್ತೆ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ. ಮೊದಲು ಅದನ್ನ ಹುಡುಕಬೇಕು."

ಹುಡುಕುತ್ತಿದ್ದ ಕೂಡ. ಬಾನೆಟ್ ಎತ್ತಿ, ಪೈಪುಗಳ ಗುಂಟ ಬೆರಳು ಓಡಿಸಿ, ಎಲ್ಲಿ ಎಣ್ಣೆಜಿಡ್ಡಿಗೆ ಧೂಳು ಅಂಟಿದೆಯೋ ಅಲ್ಲಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ಕಾಯುವನು. ಗುಳ್ಳೆ ಎದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬುವವರನ್ನು ಅವನು ಮೆಕ್ಯಾನಿಕ್ಕುಗಳ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಇಂಥ ಮಹಾಶಯ ಒಂದೇ ಒಂದು ಕಾರಿಗೆ ಮಾತ್ರ ಬೇಕೆಂದೇ ಬರೀ ಗ್ಯಾಸ್ ತುಂಬಿ ಕಳಿಸುತ್ತಿದ್ದ. ಅದು ಅವನ ಮಗಳ ಕಾರು.

ಮಗಳು ಶಾಲೆಗೆ ಹೋಗುವ ಕಾಲಕ್ಕೆ ಅವನಿಗೆ ಕುಡಿತ ಹತ್ತಿತ್ತು. ಹೆಂಡತಿ ಹೇಳುವಷ್ಟು ಹೇಳಿದಳು, ಅಳುವಷ್ಟು ಅತ್ತಳು, ಕಡೆಗೆ ಒಂದು ದಿನ ಮಗಳ ಕೈ ಹಿಡಿದುಕೊಂಡು ಹೊರಟೇಹೋದಳು. ಅವರು ಹೋದ ಮೇಲೆ ಅವನು ಬಾಟಲಿ ಮುಟ್ಟಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವನ ಮಾತು ಬಂದರೆ ಸಾಕು, ಹೆಂಡತಿ ಊಟದ ತಟ್ಟೆ ಬಿಟ್ಟು ಏಳುತ್ತಾಳೆಂದು ಯಾರೋ ಹೇಳಿದ್ದರು. ಮಗಳ ಮದುವೆಯಾದದ್ದು, ಅಮ್ಮ ಈಗ ಮಗಳ ಮನೆಯಲ್ಲೇ ಇರುವುದು, ಎಲ್ಲವೂ ಹಾಗೆ ಯಾರ್ಯಾರದೋ ಬಾಯಿಂದಲೇ ಅವನನ್ನು ಮುಟ್ಟಿದ ಸುದ್ದಿಗಳು.

ಆ ಮಗಳು ಹಿಂದೊಂದು ಬೇಸಗೆಯಲ್ಲಿ ಕಾರು ತಂದು ನಿಲ್ಲಿಸಿದಾಗ ಅವನಿಗೆ ಮೊದಲು ಕಂಡದ್ದು ತನ್ನ ತಾಯಿಯ ಅಗಲ ಹಣೆ. ಆಮೇಲೆ ಗುರುತು ಸಿಕ್ಕಿತು. "ತಂಪು ಬರ್ತಿಲ್ಲ" ಅಂದಳು, ಬೇರೆ ಮಾತಿಲ್ಲ. ಸೋರಿಕೆ ಬಾನೆಟ್ ಎತ್ತಿದ ಕೂಡಲೇ ಸಿಕ್ಕಿತು. ಕಂಪ್ರೆಸರಿಗೆ ಪೈಪು ಸೇರುವಲ್ಲಿ ಒಂದು ರಬ್ಬರ್ ಉಂಗುರ ಸವೆದಿತ್ತು. ಹೊಸ ಉಂಗುರ ಡಬ್ಬಿಯಲ್ಲೇ ಇತ್ತು. ಕೈಗೆತ್ತಿಕೊಂಡವನು ಅದನ್ನು ಮತ್ತೆ ಡಬ್ಬಿಗೇ ಹಾಕಿದ. ಇದನ್ನು ಹಾಕಿಕೊಟ್ಟರೆ ಇವಳು ಮತ್ತೆ ಯಾಕೆ ಬಂದಾಳು?

ಹಾಗೆ ಶುರುವಾದದ್ದು. ಗ್ಯಾಸ್ ಕೆಲವು ತಿಂಗಳು ತಡೆಯುತ್ತಿತ್ತು, ಸೋರಿಹೋಗುತ್ತಿತ್ತು, ಅವಳು ಬರುತ್ತಿದ್ದಳು. ಗ್ಯಾಸ್ ತುಂಬುವ ಮೊದಲು ಪೈಪುಗಳೊಳಗಿನ ಗಾಳಿಯನ್ನೆಲ್ಲ ಎಳೆದು ಹಾಕಲು ಪಂಪಿಗೆ ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ಅವಳು ಹಳೇ ಟೈರಿನ ಮೇಲೆ ಹಲಗೆ ಹಾಕಿ ಮಾಡಿದ ಆಸನದಲ್ಲಿ ಕೂರುತ್ತಿದ್ದಳು.

"ಶುಗರ್ ಹೇಗಿದೆ?" ಎಂದು ಅವಳು ಕೇಳುವಳು.

"ಇದೆ. ಅಮ್ಮನ ಮಂಡಿನೋವು?"

"ಹಾಗೇ ಇದೆ."

ಅಷ್ಟೇ ಮಾತು. ಅಷ್ಟಕ್ಕೇ ಅವನ ಹೊಟ್ಟೆ ತುಂಬುತ್ತಿತ್ತು. ಅವಳು ಹೋದ ಮೇಲೆ ಆ ದಿನವೆಲ್ಲ ಆ ಹಲಗೆಯ ಮೇಲೆ ಬೇರೆ ಗಿರಾಕಿ ಕೂರಲು ಬಂದರೆ, "ಅದು ಮುರಿದಿದೆ" ಎಂದು ಸುಳ್ಳು ಹೇಳಿ ಎಬ್ಬಿಸುತ್ತಿದ್ದ. ಬಿಸಿಲು ಬೇಗ ಏರಲಿ, ಗ್ಯಾಸ್ ಬೇಗ ಸೋರಲಿ ಎಂದು ಹಂಬಲಿಸುವ ಇನ್ನೊಬ್ಬ ಮೆಕ್ಯಾನಿಕ್ಕನ್ನು ಲೋಕ ಕಂಡಿರಲಿಕ್ಕಿಲ್ಲ.

ಹೋದ ಸಲ ಬಂದಾಗ ಅವಳು ಬಸುರಿ. ಈ ಬೇಸಗೆ ಬಂದಾಗ ಕಂಕುಳಲ್ಲಿ ಕೂಸಿತ್ತು. ಮೊಮ್ಮಗಳನ್ನು ಅವನು ನೋಡಿದ್ದು ಇದೇ ಮೊದಲು. ಕೂಸಿನ ಕತ್ತು, ಬೆನ್ನಿನ ತುಂಬ ಬೆವರುಸಾಲೆ. ಅತ್ತು ಅತ್ತು ದನಿ ಒಡೆದುಹೋಗಿತ್ತು.

"ದಾರಿಯುದ್ದಕ್ಕೂ ಒಂದೇ ಸಮ ಅತ್ತಳು" ಎಂದಳು ಮಗಳು. "ಎ.ಸಿ. ಕೈಕೊಟ್ಟು ತುಂಬ ದಿನ ಆಯ್ತು. ಇವಳನ್ನ ಕಟ್ಕೊಂಡು ಬರೋಕೆ ಆಗ್ಲಿಲ್ಲ."

ಈ ಕೂಸಿನ ಮೈ ಬೇಯಿಸಿದವನು ತಾನೇ. ಡಬ್ಬಿ ತೆರೆದು, ಹೊಸ ಉಂಗುರಕ್ಕೆ ಎಣ್ಣೆ ಸವರಿ ಕೂರಿಸಿ, ಪೈಪು ಬಿಗಿದ. ಪಂಪು ತನ್ನ ಕೆಲಸ ಮುಗಿಸಿದ ಮೇಲೆ ಅದನ್ನು ನಿಲ್ಲಿಸಿ ಮೀಟರಿನ ಮುಳ್ಳು ನೋಡುತ್ತ ನಿಂತ. ಸೋರಿಕೆ ಉಳಿದಿದ್ದರೆ ಮುಳ್ಳು ಸರಿಯಬೇಕು. ಬೇರೆ ಕಾರುಗಳಲ್ಲಿ ಮುಳ್ಳು ಕದಲದೆ ನಿಂತರೆ ಅವನಿಗೆ ಹಿಗ್ಗೋ ಹಿಗ್ಗು. ಇವತ್ತು ಒಂದು ಕೂದಲೆಳೆಯಷ್ಟಾದರೂ ಸರಿಯಬಾರದೇ ಎಂದು ಬೇಡಿಕೊಂಡ. ಸರಿಯಲಿಲ್ಲ. ಗ್ಯಾಸ್ ತುಂಬಿ ಎಂಜಿನ್ ಚಾಲೂ ಮಾಡಿದ.

"ಏನಾಗಿತ್ತು?" ಎಂದು ಅವಳು ಕೇಳಿದಳು.

"ಒಂದು ರಬ್ಬರ್ ಉಂಗುರ ಸವೆದಿತ್ತು. ಬದಲಾಯಿಸಿದೀನಿ. ಇನ್ನು ವರ್ಷಗಟ್ಟಲೆ ತೊಂದ್ರೆ ಇಲ್ಲ."

"ಈಗ ಗೊತ್ತಾಯ್ತಾ ಅದು?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಕೂಸಿನ ಮುಖ ನೋಡಿ ಅದನ್ನು ನುಂಗಿಕೊಂಡ. "ಮೊದಲನೇ ಸಲವೇ ಗೊತ್ತಾಗಿತ್ತು. ಸರಿ ಮಾಡಿಬಿಟ್ರೆ ನೀನು ಬರಲ್ಲ ಅಂತ ಸುಮ್ಮನಿದ್ದೆ."

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ಕಾದ. ಅವಳು ಕೂಸನ್ನು ತಂಪಾದ ಕಾರಿನೊಳಗೆ ಮಲಗಿಸಿ ಸೀಟಿನ ಪಟ್ಟಿ ಹಾಕಿದಳು. ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ಕಿಂಡಿ ತಿರುಗಿಸಿದಳು. ಕೂಸು ಒಮ್ಮೆ ಬಿಕ್ಕಿ ಕಣ್ಣು ಮುಚ್ಚಿತು.

"ಅಮ್ಮನ ಹತ್ರ ಎ.ಸಿ. ಅಂಗಡಿಗೆ ಅಂತ ಹೇಳಿ ಬರ್ತೀನಿ" ಎಂದಳು, ಅವನತ್ತ ನೋಡದೆ. "ಯಾರ ಅಂಗಡಿ ಅಂತ ಅವಳು ಕೇಳಲ್ಲ, ನಾನೂ ಹೇಳಲ್ಲ. ಇನ್ನು ಏನಂತ ಹೇಳಿ ಬರಲಿ?"

ಅವನು ಕೈಯ ಎಣ್ಣೆಜಿಡ್ಡನ್ನು ಬಟ್ಟೆಗೆ ಒರೆಸಿಕೊಂಡ.

"ಚಳಿಗಾಲಕ್ಕೆ ಹೀಟರ್ ಇದೆಯಲ್ಲ."

"ಹೀಟರ್ ಚೆನ್ನಾಗೇ ಇದೆ."

"ಚೆನ್ನಾಗೇ ಇದೆ. ತೋರಿಸ್ಬೇಕು ಅಂತ ಹೇಳು."

ಅವಳು ತಲೆಯಾಡಿಸಿ ಕಾರು ಹತ್ತಿದಳು. ಕಾರು ರಸ್ತೆಗೆ ಸೇರಿ ಮರೆಯಾಗುವ ತನಕ ಅವನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಬೇಸಗೆ ಆಗಷ್ಟೇ ಶುರುವಾಗಿತ್ತು.