ಒಲೆ ಇಲ್ಲದ ಕೋಣೆ

“ಆ ಮನೆ ಬೇಡ ಮಾರಾಯ, ಅದರಲ್ಲಿ ಅಡುಗೆಮನೆ ಉಂಟು,” ಎಂದರು ಅತ್ತೆ.

ಕೊಲ್ಲಿ ದೇಶದ ಗುಫೂಲ್ ಎಂಬಲ್ಲಿನ ನಮ್ಮ ಫ್ಲ್ಯಾಟಿನಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ರಜೆಯಲ್ಲಿ ಕೇಪ್‌ಟೌನಿನಿಂದ ಡರ್ಬನ್‌ವರೆಗೆ ಸಮುದ್ರದ ಬದಿಯ ದಾರಿಯಲ್ಲೇ ಕಾರಿನಲ್ಲಿ ಹೋಗುವುದೆಂದು ಗಂಡ ಲ್ಯಾಪ್‌ಟಾಪಿನಲ್ಲಿ ರಾತ್ರಿ ಉಳಿಯುವ ಮನೆಗಳನ್ನು ಆರಿಸುತ್ತಿದ್ದರು. ಎಲ್ಲ ಕಡೆಯೂ ಒಲೆ ಇರಲೇಬೇಕು, ಯಾಕೆಂದರೆ ಅವರ ಅಮ್ಮನಿಗೆ ಕುಚ್ಚಲಕ್ಕಿ ಗಂಜಿ ಆಗಬೇಕು. ಕುಕ್ಕರು, ಅಕ್ಕಿ, ಉಪ್ಪಿನಕಾಯಿ ಯಾವ ಬ್ಯಾಗಿಗೆ ತುಂಬಿಸುವುದೆಂದು ಯೋಚಿಸುತ್ತ ನಾನು ನೋಯುವ ಸೊಂಟ ಒತ್ತಿಕೊಂಡು ಕುಳಿತಿದ್ದೆ. ಪ್ರವಾಸ ಹೋದರೂ ನನಗೆ ಸಿಗುವುದು ಇನ್ನೊಂದು ಊರಿನ ಒಲೆಯೇ ಅಲ್ಲವಾ?

“ಗಂಜಿ ಇಲ್ಲದೆ ನಿನಗೆ ಆಗ್ತದಾ ಮಮ್ಮಿ?” ಗಂಡ ನಕ್ಕರು.

“ಬ್ರೆಡ್ ತಿಂತೇನೆ, ಸಾಯುವುದಿಲ್ಲ. ಅಷ್ಟು ದೂರ ಸಮುದ್ರದ ಬದಿಗೆ ಕರಕೊಂಡು ಹೋಗಿ, ಇವಳಿಗೆ ಸಿಂಕ್ ತೋರಿಸುವುದಾ ನೀನು?”

ಗಂಡ ಆ ಮನೆಯನ್ನು ಬಿಟ್ಟು, ಬೆಳಗ್ಗಿನ ತಿಂಡಿ ಅಲ್ಲಿಯವರೇ ಕೊಡುವ ಒಂದು ಕೋಣೆಯನ್ನು ಹುಡುಕಿದರು.

ನಾವು ಹೊರಡಲು ಇನ್ನೂ ತಿಂಗಳುಗಳಿವೆ, ನನ್ನ ಸೊಂಟನೋವು ಹಾಗೆಯೇ ಇದೆ. ಆದರೆ ನಾನು ಯಾರಿಗೂ ಹೇಳದ ದಣಿವು ಅತ್ತೆಗೆ ಕಂಡಿತ್ತು. ದೇವರೇ, ಸದ್ಯಕ್ಕೆ ಇಷ್ಟು ಸಾಕು.