ಶಾಮೀದಸಾಬರ ಬೆಳ್ಳಿಯುಂಗುರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಯಚೂರಿನಿಂದ ಮಟಮಾರಿಗೆ ಹೋಗುವ ದಾರಿಯ ತಗಡಿನ ಶೆಡ್ಡಿನಲ್ಲಿ ಶಾಮೀದಸಾಬರು ಬೆರಳಿನ ಬೆಳ್ಳಿಯುಂಗುರ ಕಳಚಿ ದಾರಕ್ಕೆ ಕಟ್ಟುತ್ತಿದ್ದಾರೆ. ಎದುರಿಗೆ ಆಳೆತ್ತರದ ಗುಂಡಿ. ಭಟ್ಟಿಯಿಂದ ಈಗಷ್ಟೇ ಬಿದ್ದ ಕರಿಕಲ್ಲು, ಮೇಲೆ ಸುರಿದ ನೀರು ಕುಡಿದು ತಳದಲ್ಲಿ ಬುಸುಗುಡುತ್ತಿದೆ. ಅದನ್ನು ತುಂಬಿ ಹೊರಹಾಕಬೇಕಾದ ಅರಕೇರಾದ ಶೇಖಮ್ಮ ಬುಟ್ಟಿ ಹಿಡಿದು ನಿಂತಿದ್ದಾಳೆ. ಉಂಗುರ ಗುಂಡಿಗಿಳಿಯುತ್ತದೆ. ಸಾಬರು ನೂರರವರೆಗೆ ಎಣಿಸಿ ಮೇಲೆಳೆಯುತ್ತಾರೆ. ಬೆಳ್ಳಿ ಕಂದಿದೆ.

“ಬ್ಯಾಡ ತಂಗೀ, ಕೂಡು.”

ಶೇಖಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆಯೇ ಕೂರುತ್ತಾಳೆ. ಕೆಲಸ ಮಾಡಿಸುವ ಮುಕಾದಮ ದೂರದಿಂದ, “ಇನ್ನಾ ಎಷ್ಟೊತ್ತ್ರೀ ಸಾಬ್ರ?” ಎಂದು ಕೂಗುತ್ತಾನೆ. ಇಂಥ ಕೂಗಿಗೆ ಸಾಬರದು ಜಾಣಕಿವುಡು.

ಈ ಶೆಡ್ಡಿಗೆ ಈ ವರ್ಷ, ಅಂದರೆ ಎಂಬತ್ನಾಲ್ಕನೆಯ ಇಸವಿಗೆ, ಐದು ತುಂಬುತ್ತದೆ. ಇಂಧನ ಎಣ್ಣೆಯ ಬೆಲೆ ಮುಗಿಲು ಮುಟ್ಟಿದ ಕಾಲದಲ್ಲಿ, ಕಲ್ಲಿನಿಂದಲೇ ಎಣ್ಣೆ ತೆಗೆಯುತ್ತೇನೆಂದು ಹೊರಟ ಶ್ರೀಮಂತರೊಬ್ಬರ ಪ್ರಯೋಗ ಇದು. ಈಶಾನ್ಯದ ಕಡೆಯಿಂದ ಎಣ್ಣೆಕಲ್ಲು ಗೋಣಿಚೀಲಗಳಲ್ಲಿ ರೈಲಿನ ಮೂಲಕ ಬರುತ್ತದೆ. ಗಾಳಿ ತಾಗದಂತೆ ಮುಚ್ಚಿ ಆರು ತಾಸು ಕಾಯಿಸಿದರೆ ನಲವತ್ತು ಕಿಲೋ ಕಲ್ಲು ಮೂರು ಲೀಟರ್ ಎಣ್ಣೆ ಬಸಿಯುತ್ತದೆ. ಜೊತೆಗೆ ಕಲ್ಲಿನೊಳಗಿನ ಗಂಧಕವೂ ವಿಷಗಾಳಿಯಾಗಿ ಹೊರಡುತ್ತದೆ.

ಶಾಲೆಯ ಮೆಟ್ಟಿಲು ಹತ್ತದ ಸಾಬರಿಗೆ ಆ ಗಾಳಿಯ ಗುಣವೆಲ್ಲ ಬಾಯಿಪಾಠ. ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ: “ಭಟ್ಟಿ ಕಾವಿನ ಮುಳ್ಳು ಮುನ್ನೂರು ಡಿಗ್ರಿ ದಾಟಿದ್ರ ಕೊಳೆತ ತತ್ತಿ ವಾಸನಿ ಸುರು ಆಗ್ತದ್ರೀ. ನಾನೂರಕ್ಕ ಭಾಳ ಜೋರು. ಕಲ್ಲಿನಾಗ ಬಂಗಾರದಂಗ ಮಿಂಚೋ ಚುಕ್ಕಿ ಇದ್ರ ಐನೂರರ ಹತ್ರ ಮತ್ತ ಒಂದ್ಸಲ ಬರ್ತದ. ಸುಣ್ಣ ಇರೋ ಕಲ್ಲು ಅದನ್ನ ಹೊಟ್ಟ್ಯಾಗ ಇಟ್ಕೊಂಡು ಸುಮ್ನ ಇರ್ತದ. ನೀರು ಹೊಯ್ದ್ವಿ ಅಂದ್ರ ಆಗ ಬಿಡ್ತದ. ಕಳ್ಳ ಕಲ್ಲು!”

ಸಾಬರು ಮಾನ್ವಿಯವರು, ಅಪ್ಪನ ಕಾಲದಿಂದಲೂ ಕಲಾಯಿ ಕಸುಬು. ತಾಮ್ರದ ಪಾತ್ರೆ ಹದಕ್ಕೆ ಕಾಯಿತೋ ಇಲ್ಲವೋ ಎಂಬುದು ಅದರ ಮೇಲೆ ಉದುರಿಸುವ ನವಸಾಗರದ ಹೊಗೆ ಮೂಸಿಯೇ ಅವರಿಗೆ ತಿಳಿಯುತ್ತಿತ್ತು. ಮನೆಮನೆಗೆ ಸ್ಟೀಲು ಬಂತು, ಕಲಾಯಿಗೆ ಗಿರಾಕಿ ಇಲ್ಲವಾಯಿತು. ಆ ಮೂಗಿನ ಖ್ಯಾತಿಯೇ ಅವರಿಗೆ ಇಲ್ಲಿ ಕೆಲಸ ಕೊಡಿಸಿತು. ವಿಷಗಾಳಿ ಇದೆಯೋ ಹೋಯಿತೋ ಮೂಸಿ ಹೇಳುವುದೇ ಕೆಲಸ. ಆ ಮೂಗಿನ ಮೇಲೆ ಅವರಿಗೆ ಜಂಬವೂ ಇತ್ತು.

ಎಂಬತ್ತನೆಯ ಇಸವಿಯ ಒಂದು ಬೆಳಿಗ್ಗೆ ನೀರು ಹೊಯ್ದ ಕಲ್ಲಿನ ಮೇಲೆ ಬಾಗಿ ಮೂಸಿದರು. ಮೊದಲು ಗಬ್ಬೆಂದಿತು, ಆಮೇಲೆ ವಾಸನೆಯೇ ಬರಲಿಲ್ಲ. “ಹೋತು, ಇಳಿ,” ಎಂದರು. ಶೇಖಮ್ಮ ಇಳಿದಳು. ಒಂದು ಬುಟ್ಟಿ ತುಂಬುವಷ್ಟರಲ್ಲಿ ಕುಸಿದುಬಿದ್ದಳು. ಸೊಂಟಕ್ಕೆ ಸುತ್ತಿದ್ದ ಗೋಣಿತಟ್ಟಿಗೆ ಭಟ್ಟಿಯ ಉದ್ದ ಕೊಕ್ಕೆ ಸಿಕ್ಕಿಸಿ ನಾಲ್ವರು ಎಳೆದು ಹಾಕಿದರು. ತಾಸಿನ ಮೇಲೆ ಕಣ್ಣು ಬಿಟ್ಟಳು.

ಅಂದು ಮನೆಗೆ ಬಂದ ಗಂಡನ ಕೈ ನೋಡಿ ಅನ್ವರಿ ಬೇಗಂ ಬೆಚ್ಚಿದರು. ನಿಕಾಹದಲ್ಲಿ ತೊಡಿಸಿದ ಉಂಗುರ ಹೆಂಚಿನ ಮಸಿಯಂತೆ ಕಪ್ಪಾಗಿತ್ತು. “ವಾಸನಿ ಇರಲಿಲ್ಲ ಅಂತಿ, ಮತ್ತ ಇದನ್ನ ಯಾರು ಸುಟ್ಟಾರ?” ಎಂದು ಕೇಳಿ, ತಮ್ಮ ಮನೆಮಾತಿನಲ್ಲಿ ಅಂದರಂತೆ: “ನಾಕ್ ಝೂಟ್ ಬೋಲಿ, ಚಾಂದಿ ನೈ ಬೋಲ್ತಿ.” ಮೂಗು ಸುಳ್ಳು ಹೇಳಿತು, ಬೆಳ್ಳಿ ಹೇಳುವುದಿಲ್ಲ.

ಮರುದಿನ ಶೆಡ್ಡಿನ ಕೆಮಿಸ್ಟ್ ವೆಂಕೋಬ ಬೇಗಂ ಮಾತು ಹೌದೆಂದರು. ಈ ಗಾಳಿ ಮಿತಿ ಮೀರಿದರೆ ಮೊದಲು ಕೊಲ್ಲುವುದು ಮೂಗನ್ನೇ. ವಾಸನೆ ನಿಂತಿತೆಂದರೆ ಗಾಳಿ ಹೋಗಿದೆ ಎಂದಲ್ಲ, ಹೆಚ್ಚಾಗಿದೆ ಎಂದೂ ಇರಬಹುದು. ಈ ವಿಷಗಾಳಿ ತಾಗಿದರೆ ಕಪ್ಪಾಗುವ ಕಾಗದವನ್ನು ಅವರು ಹೈದರಾಬಾದಿನಿಂದ ತರಿಸಿಕೊಟ್ಟರು. ಸಾಬರು ಅಂದಿನಿಂದ ಗುಂಡಿಗೆ ಉಂಗುರ ಇಳಿಬಿಡುತ್ತಾರೆ, ಜೊತೆಗೆ ಅದನ್ನೂ. ಆದರೆ ಉಂಗುರ ನೋಡದೆ ಶೇಖಮ್ಮ ಹೆಜ್ಜೆ ಇಡುವುದಿಲ್ಲ. “ಕಾಗದ ಯಾರೋ ಮಾಡಿದ್ದು. ಉಂಗರ ಅಣ್ಣಂದು,” ಎನ್ನುತ್ತಾಳೆ. ತನ್ನನ್ನು ಸಾವಿನ ಬಾಯಿಗೆ ನೂಕಿದವನನ್ನೇ ಹೀಗೆ ನಂಬುವ ಈ ಹೆಂಗಸಿನದು ದೊಡ್ಡ ಮನಸ್ಸು.

ಬಿಸಿಲು ಬಂದಿದೆ. ಸಾಬರು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ಉಂಗುರವನ್ನು ನಾಲ್ಕನೆಯ ಸಲ ಇಳಿಬಿಟ್ಟು ಎಳೆಯುತ್ತಾರೆ. ಬೆಳ್ಳಿ ಬೆಳ್ಳಗೇ ಇದೆ. ಪಕ್ಕದ ಕಾಗದವೂ ಹಾಗೆಯೇ. ಶೇಖಮ್ಮ ಸೊಂಟಕ್ಕೆ ಹಗ್ಗ ಬಿಗಿದು ಇಳಿಯುತ್ತಾಳೆ. ಹಗ್ಗದ ತುದಿ ಸಾಬರ ಮುಷ್ಟಿಯಲ್ಲಿದೆ. ಅವಳು ಇಪ್ಪತ್ತೆರಡು ಬುಟ್ಟಿ ಮೇಲೆ ಕಳಿಸಿ, ಏಣಿ ಹತ್ತಿ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುವವರೆಗೂ ಅವರು ಆ ಹಗ್ಗದ ಹಿಡಿತ ಬಿಡುವುದಿಲ್ಲ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಸಾಬರು ಉಂಗುರವನ್ನು ಬೆರಳಿಗೆ ತೊಡುತ್ತಾ ಹೇಳುತ್ತಾರೆ:

“ನನ್ನ ತಪ್ಪೂ ಬರೀರಿ. ಆಮ್ಯಾಲ ಇಷ್ಟು ಬರೀರಿ: ಅವತ್ತಿನಿಂದ ಈ ಗುಂಡಿಗಿ ಇಳಿದೋರು ಎಲ್ಲಾರೂ ತಮ್ಮ ಕಾಲಿಲೇ ಹತ್ತಿ ಬಂದಾರ.”