ಡಿಕ್ಕಿಯಲ್ಲಿ ಉಳಿದ ಬೋರ್ಡು

ಗುನ್ನಾರ್ ನನ್ನ ಕಾಡಿಗೆ ಕದ್ದು ಬೇಟೆಗೆ ಬಂದಿರಲಿಲ್ಲ. ನಾನೇ ಕರೆದಿದ್ದೆ. ಕರೆದು, ಆಮೇಲೆ ಕರೆದೇ ಇಲ್ಲ ಎಂದೆ—ಊಟಕ್ಕೆ ಬಂದಿದ್ದ ನಮ್ಮವರ ಮುಂದೆ ಒಮ್ಮೆ, ವಿಮೆಯವರಿಗೆ ಫೋನಿನಲ್ಲಿ ಇನ್ನೊಮ್ಮೆ. ನಾನು ಮಾಡಿದ ಪಾಪ ಇದು. ಇಷ್ಟು ವರ್ಷ ಇದಕ್ಕೆ ಅಹಿಂಸೆಯ ಶಾಲು ಹೊದಿಸಿಕೊಂಡು ತಿರುಗಿದೆ.

ನಾನು ಹೈಸ್ಕೂಲು ಮುಗಿಸಿದವನು. ಹೆಂಡತಿ ಶಾರದಾ ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿಯಾಗಿದ್ದಳು. ನಾನು ಅವಳ ಹಿಂದೆ ಬಂದು, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತನಾದೆ. ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಎಲ್ಲಿ ನೋಡಿದರೂ ಡಾಕ್ಟರೇಟು. ಅವರ ನಡುವೆ ನನಗೂ ಒಂದು ದೊಡ್ಡಸ್ತಿಕೆ ಬೇಕಿತ್ತು. ಊರಾಚೆ ಒಂದು ಮರದ ಮನೆ, ಸುತ್ತ ಒಂದು ತುಂಡು ಕಾಡು ಕೊಂಡೆ. ಶುದ್ಧ ಸಸ್ಯಾಹಾರಿ ಎಂಬ ಹೆಸರು ಪುಕ್ಕಟೆಯಾಗಿ ಬಂತು.

ಗುನ್ನಾರ್ ಪಕ್ಕದ ಜಮೀನಿನ ರೈತ. ಈ ದೇಶದಲ್ಲಿ ಬೇಟೆಯ ಹಕ್ಕು ಜಮೀನಿನ ಒಡೆಯನದು. ಅವನು ಒಪ್ಪಿದರೆ ಮಾತ್ರ ಬೇರೆಯವರು ಬಂದೂಕು ಹಿಡಿದು ಒಳಗೆ ಬರಬಹುದು. ನಮ್ಮ ಕಡೆ ಆ ಒಪ್ಪಿಗೆಗೆ ಕಾಗದ ಇರಲಿಲ್ಲ—ಬೇಲಿಯ ಬಳಿ ಕಾಫಿ ಕುಡಿಯುತ್ತ ಒಂದು 'ಹೂಂ', ಅಷ್ಟೆ. ಹೊಡೆದದ್ದರಲ್ಲಿ ಒಡೆಯನಿಗೊಂದು ಪಾಲು. ನನ್ನ ಪಾಲು ಫ್ರೀಜರಿನ ತಳದಲ್ಲಿ, ಬಟಾಣಿ ಪ್ಯಾಕೆಟ್ಟುಗಳ ಕೆಳಗೆ ಇರುತ್ತಿತ್ತು. ಈರುಳ್ಳಿ, ಮೆಣಸು ಹಾಕಿ ಅದನ್ನು ಹುರಿಯುವಾಗ ನನ್ನ ಸಸ್ಯಾಹಾರ ಎಲ್ಲಿಗೆ ಹೋಗಿರುತ್ತಿತ್ತೋ—

ಆ ವರ್ಷ ದೀಪಾವಳಿ ಊಟಕ್ಕೆ ನಮ್ಮವರನ್ನೆಲ್ಲ ಅಲ್ಲಿಗೆ ಕರೆದಿದ್ದೆ. ಅಷ್ಟರಲ್ಲಿ ಕಾಡುಹಂದಿಗಳು ನುಗ್ಗಿ ಅಂಗಳದ ಹುಲ್ಲನ್ನು ಉತ್ತ ಹೊಲದಂತೆ ಮಗುಚಿ ಹಾಕಿದವು. ಗುನ್ನಾರನಿಗೆ ಹೇಳಿದೆ. ಅವನು ಸ್ವೀಡಿಷಿನಲ್ಲಿ ಅಂದದ್ದು ಇಷ್ಟು: "ಭಾನುವಾರ ಬೆಳಿಗ್ಗೆ ಬರ್ತೀನಿ. ನಿನ್ನ ಜನ ಬರೋದ್ರೊಳಗೆ ಮುಗಿಸ್ತೀನಿ. ಕುದುರೆ ದಾರಿ ಹತ್ರ ಬೋರ್ಡು ಮಾತ್ರ ನೀನು ನಿಲ್ಸು." ನಾನು ಹೂಂ ಎಂದೆ. 'ಬೇಟೆ ನಡೆಯುತ್ತಿದೆ' ಎಂದು ಬರೆದ ಹಳದಿ ಬೋರ್ಡನ್ನು ಅವನೇ ನನ್ನ ಕಾರಿನ ಡಿಕ್ಕಿಯಲ್ಲಿಟ್ಟ.

ನಾನು ಅದನ್ನು ನಿಲ್ಲಿಸಲಿಲ್ಲ. ಮರೆತೆ ಎಂದು ಬರೆಯಲು ಕೈ ಹೋಗುತ್ತಿದೆ—ಮರೆತಿರಲಿಲ್ಲ. ಸವಾರರು ಓಡಾಡುವ ಆ ಕುದುರೆ ದಾರಿ ಶುರುವಾಗುವಲ್ಲೇ ನಮ್ಮವರ ಕಾರುಗಳೂ ತಿರುಗಬೇಕು. ಯಾರಾದರೂ ಬೇಗ ಬಂದು ಆ ಬೋರ್ಡು ನೋಡಿಬಿಟ್ಟರೆ? ನನ್ನ ಹೆಸರು? ಆ ಹೆಸರಿಗಾಗಿ ಡಿಕ್ಕಿ ಮುಚ್ಚಿದೆ.

ಶಾಲೆಯ ಟೀಚರು ಬಿರ್ಗಿತ್ತಾ ಎಂದಿನಂತೆ ಕುದುರೆಯ ಮೇಲೆ ಆ ದಾರಿಯಲ್ಲಿ ಬಂದಳು. ಗುಂಡಿನ ಸದ್ದಿಗೆ ಕುದುರೆ ಬೆದರಿ ಅವಳನ್ನು ಬಂಡೆಯ ಮೇಲೆ ಕೆಡವಿತು. ಸೊಂಟದ ಮೂಳೆ ಮುರಿಯಿತು. ಗುನ್ನಾರ್ ಓಡಿ ಬಂದು ತನ್ನ ಕೋಟು ಹೊದಿಸಿ, ಆಂಬುಲೆನ್ಸ್ ಬರುವ ತನಕ ಅವಳ ಕೈ ಹಿಡಿದು ಕೂತಿದ್ದ. ನಾನು ಒಳಗೆ ಹೋಳಿಗೆಗೆ ಹೂರಣ ತುಂಬುತ್ತಿದ್ದೆ.

ನಮ್ಮವರು ಬರುವಾಗ ದಾರಿಯಲ್ಲಿ ಆಂಬುಲೆನ್ಸ್ ಎದುರಾಗಿತ್ತಂತೆ, ಅದರ ಹಿಂದೆಯೇ ಬಂದೂಕು ಹೆಗಲಿಗೇರಿಸಿದ ಗುನ್ನಾರ್. "ಏನ್ ಸರ್ ಇದು, ನಿಮ್ ಲ್ಯಾಂಡಲ್ಲಿ ಗನ್ನಾ?" ಎಂದ ಪ್ರಸನ್ನ. ದೂರದ ಮೋಲ್ನ್‌ಡಾಲ್ ಎಂಬ ಊರಿನಲ್ಲಿ ಔಷಧ ಸಂಶೋಧನೆ ಮಾಡುವವನು.

"ನಾನೆಲ್ಲಿ ಬಿಡ್ತೀನಪ್ಪಾ! ಕೇಳ್ದೆ ನುಗ್ಗಿದಾನೆ ಅವ್ನು."

"ಈ ಜನಾನೇ ಹಾಗೆ ಬಿಡಿ. ನೀವು ಋಷಿ ಸರ್, ಕಾಡಲ್ಲಿದ್ರೂ ಮೊಟ್ಟೆ ಕೂಡ ಮುಟ್ಟಲ್ಲ."

"ಒಂದು ಜಿಂಕೆ ಮರಿ ಕಟ್ಟಾಕಿ ಅಂಕಲ್, ಆಶ್ರಮ ಕಂಪ್ಲೀಟ್ ಆಗತ್ತೆ," ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು.

ಆಫೀಸಿನ ಕ್ಯಾಂಟೀನಿನಲ್ಲಿ ಸಾಸೇಜು ಮೆಲ್ಲುವವರಿಗೆ ಭಾನುವಾರಕ್ಕೊಬ್ಬ ಋಷಿ ಬೇಕಿತ್ತು. ಕಾಡುಹಂದಿ ತಿಂದು ಬೆಳೆದ ಹೊಟ್ಟೆಯ ನಾನು ಋಷಿಯಾಗಿ ನಿಂತು ಅವರಿಗೆ ತುಪ್ಪ ಬಡಿಸಿದೆ. ಅವರ ಬಗ್ಗೆ ನನಗೆ ತಾತ್ಸಾರವಿದೆ. ನನ್ನ ಬಗ್ಗೆ ಇರುವುದಕ್ಕೆ ಆ ಮಾತು ಸಾಲದು.

ಎಲ್ಲರೂ ಹೋದ ಮೇಲೆ ಶಾರದಾ ಪಾತ್ರೆ ಎತ್ತುತ್ತ, ನನ್ನ ಮುಖ ನೋಡದೆ ಕೇಳಿದಳು: "ಋಷಿಗಳೇ, ಫ್ರೀಜರ್ ಖಾಲಿ ಮಾಡ್ಲಾ?"

ಕೆಲವು ದಿನಗಳ ನಂತರ ಗುನ್ನಾರನ ಬೇಟೆಯ ವಿಮೆಯವರು ಫೋನು ಮಾಡಿದರು. ಬೇಟೆಗಾರನಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಅದು. ಕೇಳಿದ್ದು ಒಂದೇ—ಒಪ್ಪಿಗೆ ಕೊಟ್ಟಿದ್ದಿರಾ? ಹೌದೆಂದರೆ ಮುಂದಿನ ಪ್ರಶ್ನೆ ಬೋರ್ಡಿನದು. ನಾನು "ಇಲ್ಲ" ಎಂದೆ.

ಒಪ್ಪಿಗೆಯಿಲ್ಲದೆ ಬೇಟೆಯಾಡಿದವನ ಹೊಣೆ ತಮ್ಮದಲ್ಲ ಎಂದು ವಿಮೆಯವರು ಕೈ ತೊಳೆದುಕೊಂಡರು. ಪೊಲೀಸರು ಅವನ ರೈಫಲುಗಳನ್ನು ಒಯ್ದರು. ಅವನ ಬೇಟೆಯ ತಂಡ ಅವನನ್ನು ಹೊರಗಿಟ್ಟಿತು. ಬಿರ್ಗಿತ್ತಾಳ ನಷ್ಟ ತುಂಬಿಕೊಡಲು ಅವನು ಅಪ್ಪನ ಕಾಲದ ಕಾಡು ಮಾರಿದ. ಒಮ್ಮೆ ಅಂಚೆ ಡಬ್ಬಿಗಳ ಬಳಿ ನನ್ನನ್ನು ತಡೆದು, "ನೀನು ಹೂಂ ಅಂದಿದ್ದೆ ತಾನೆ?" ಎಂದ. ಅಷ್ಟು ವರ್ಷ ಅವನದೇ ಭಾಷೆಯಲ್ಲಿ ಅವನೊಡನೆ ಹರಟಿದ್ದ ನಾನು, ಸ್ವೀಡಿಷ್ ಅರ್ಥವಾಗದವನಂತೆ ತಲೆ ಅಲ್ಲಾಡಿಸಿ ಕಾರು ಹತ್ತಿದೆ.

ಆಮೇಲೆ ತಿಳಿಯಿತು, ನನ್ನ ಮನೆಯ ವಿಮೆಯಲ್ಲೇ, ನನ್ನ ತಪ್ಪಿನಿಂದ ಬೇರೆಯವರಿಗಾದ ನಷ್ಟ ತುಂಬುವ ಹೊಣೆಗಾರಿಕೆಯ ರಕ್ಷಣೆಯಿತ್ತು. ಬೋರ್ಡಿನ ಮಾತು ಒಪ್ಪಿಕೊಂಡಿದ್ದರೆ ಅವರೇ ನೋಡಿಕೊಳ್ಳುತ್ತಿದ್ದರು. ನನ್ನ ಹೊಣೆ ಹೊರಲು ಒಂದು ಕಂಪನಿ ತಯಾರಿತ್ತು; ನಾನು ತಯಾರಿರಲಿಲ್ಲ. ತಿಳಿದ ಮೇಲೂ ಸುಮ್ಮನಿದ್ದೆ.

ಅಂದು ಉಂಡು ಹೊಗಳಿ ಹೋದವರೇ, ನಿಮ್ಮ ಋಷಿ ಇಂಥವನು. ಇದನ್ನು ನಿಮಗೆ ಕನ್ನಡದಲ್ಲಿ ಬರೆಯುವುದೂ ಹೇಡಿಯ ಕೆಲಸವೇ—ಗುನ್ನಾರನಿಗೆ ಕನ್ನಡ ಓದಲು ಬಾರದು. ಅವನೀಗ ವೃದ್ಧರ ವಸತಿಯಲ್ಲಿದ್ದಾನೆ. ಊರಿನವರ ಬಾಯಲ್ಲಿ ಇನ್ನೂ ಕಳ್ಳ ಬೇಟೆಗಾರ.

ಬೋರ್ಡು ಶೆಡ್ಡಿನಲ್ಲಿತ್ತು. ಇವತ್ತು ಒರೆಸಿ ಮತ್ತೆ ಡಿಕ್ಕಿಯಲ್ಲಿಟ್ಟಿದ್ದೇನೆ. ನಾಳೆ ಅವನ ಹಿಂದಿನ ತಂಡದವರು ಋತುವಿನ ಮೊದಲ ಬೇಟೆಗೆ ಸೇರುವಲ್ಲಿಗೆ ಅದನ್ನು ಹಿಡಿದು ಹೋಗಿ, ಅವರ ಮುಂದೆ ಅವರ ಭಾಷೆಯಲ್ಲಿ ಹೇಳುತ್ತೇನೆ. ಅಲ್ಲಿಂದ ಬಿರ್ಗಿತ್ತಾಳ ಮನೆಗೆ. ಕೊನೆಗೆ ಗುನ್ನಾರನ ಬಳಿಗೆ. ಅವನು ಕ್ಷಮಿಸಬೇಕಾಗಿಲ್ಲ. ಅಂಚೆ ಡಬ್ಬಿಗಳ ಬಳಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿದೆ—ಹೌದು ಗುನ್ನಾರ್, ಅಂದಿದ್ದೆ.